ಬ್ಯಾನಿ ಹಿಡಿದ ನಾಯಿ, ಗೋಡೆಯ ಮೇಲಿನ ಗಡಿಯಾರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದವು. ಮನೆಯಲ್ಲಿ ಮರಿ ಹಾಕುತ್ತಿರುವ ನಾಯಿಗೆ ಹೆರಿಗೆ ತಡವಾದರೆ ಅಥವಾ ತೊಡಕಾದರೆ ನಾವೇನು ಮಾಡಬಹುದು, ಏನು ಮಾಡಬಾರದು ಎಂದು ಬಾಗಲಕೋಟೆ, ವಿಜಯಪುರ ಕಡೆಯ ಓದುಗರು ಕೇಳಿದ್ದಾರೆ. ಆದುದರಿಂದ ಆಕಳು, ಎಮ್ಮೆಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ನಾಯಿಯ ಬಾಣಂತನಕ್ಕೇ ಪುಟವನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕಿನಲ್ಲಿ ತೋಟದ ಮನೆ. ನಾಲ್ಕು ವರ್ಷದ ಮುಧೋಳ ನಾಯಿ ಎರಡನೆಯ ಸಲ ಗಬ್ಬವಾಗಿತ್ತು. ಒಂದು ಸಂಜೆ ಊಟ ಬಿಟ್ಟು ಕಬ್ಬಿನ ರವದಿಯ ಒಟ್ಟಲಿನ ಬುಡವನ್ನು ಕೆರೆಯತೊಡಗಿತು. ರಾತ್ರಿ ಹನ್ನೊಂದಕ್ಕೆ ಒಂದು ಮರಿ, ಹನ್ನೆರಡೂಕಾಲಿಗೆ ಇನ್ನೊಂದು ಮರಿ ಹಾಕಿತು. ಸ್ವಲ್ಪವೂ ಬಿಡುವಿಲ್ಲದೆ ಮತ್ತೆ ತಿಣುಕಲು ಹತ್ತಿದ್ದು ನಸುಕಿನ ನಾಲ್ಕಾದರೂ ಮರಿ ಬರಲಿಲ್ಲ. ಪಕ್ಕದ ತೋಟದವರು ಎಮ್ಮೆಗೆ ಹಾಲು ಇಳಿಸಲು ಹಾಕುವ ಇಂಜೆಕ್ಷನ್ ತಂದು ಹಾಕಿದರು. ಐದೂವರೆಗೆ ದೊಡ್ಡದೊಂದು ಸತ್ತ ಮರಿ ಬಂತು. ಅದರ ಬೆನ್ನಿಗೇ ಒಂದು ಜೀವಂತ ಮರಿ, ಕೊನೆಗೆ ಇನ್ನೊಂದು ಸತ್ತದ್ದು ಬಂದವು. ಇಂಜೆಕ್ಷನ್ ಒಳ್ಳೆಯದು ಮಾಡಿತೋ, ಕೆಟ್ಟದ್ದು ಮಾಡಿತೋ? ಎಷ್ಟು ಹೊತ್ತಿಗೆ ದವಾಖಾನೆಗೆ ಒಯ್ಯಬೇಕಿತ್ತು?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನೀವು ವೈದ್ಯರಿಗೆ ಫೋನ್ ಮಾಡಬೇಕಾಗಿದ್ದುದು ಹನ್ನೆರಡೂ ಮುಕ್ಕಾಲಿಗೆ, ಗಾಡಿ ಹತ್ತಬೇಕಾಗಿದ್ದುದು ರಾತ್ರಿ ಒಂದು ಗಂಟೆಯ ಒಳಗೆ. ಮುಧೋಳ ನಾಯಿ ತೆಳು ಮೈಯ, ಉದ್ದ ಸೊಂಟದ ಪ್ರಾಣಿಯಾದ್ದರಿಂದ ಸಾಮಾನ್ಯವಾಗಿ ಯಾರ ನೆರವೂ ಇಲ್ಲದೆ ಮರಿ ಹಾಕುತ್ತದೆ. ನಮ್ಮ ಭಾಗದ ಜನ ಅದನ್ನು ನಂಬಿ ನಿಶ್ಚಿಂತರಾಗಿರುವುದೂ ಸಹಜ. ಆದರೆ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿಯಾದರೂ ಗರ್ಭಕೋಶ ದಣಿಯುವ ವಿಷಯದಲ್ಲಿ ಅದಕ್ಕೆ ಯಾವ ವಿನಾಯಿತಿಯೂ ಇಲ್ಲ.

ನಾಯಿಯ ಹೆರಿಗೆಯಲ್ಲಿ ಎರಡು ಬೇರೆ ಬೇರೆ ಗತಿಗಳಿವೆ, ಅವೆರಡನ್ನೂ ಒಂದೇ ಎಂದು ತಿಳಿದಾಗಲೇ ಮನೆಯವರು ಎಡವುವುದು. ಊಟ ಬಿಡುವುದು, ಏದುಸಿರು ಬಿಡುವುದು, ನಡುಗುವುದು, ನೆಲ ಕೆರೆಯುವುದು, ಮಲಗಿದಲ್ಲಿ ಮಲಗದೆ ಎದ್ದೆದ್ದು ತಿರುಗುವುದು, ಒಮ್ಮೊಮ್ಮೆ ವಾಂತಿ ಮಾಡುವುದು, ಇವೆಲ್ಲ ಗರ್ಭಕೋಶದ ಬಾಯಿ ತೆರೆಯುತ್ತಿರುವ ಹಂತದವು. ಇದಕ್ಕೆ 6ರಿಂದ 12 ತಾಸು ಹಿಡಿಯುತ್ತದೆ, ಚೊಚ್ಚಲ ನಾಯಿಗೆ 24 ತಾಸು ಹಿಡಿದರೂ ಗಾಬರಿಯಾಗಬೇಕಿಲ್ಲ. ಈ ಹೊತ್ತಿನಲ್ಲಿ ಮನೆಯವರು ಮಾಡಬೇಕಾದುದು ದೂರ ಕುಳಿತು ಕಾಯುವುದೊಂದೇ. ಓಣಿಯ ಹುಡುಗರೆಲ್ಲ ಸುತ್ತ ನೆರೆದರೆ ಅಂಜುಬುರುಕ ನಾಯಿ ಬ್ಯಾನಿಯನ್ನೇ, ಅಂದರೆ ಹೆರಿಗೆಯ ನೋವನ್ನೇ, ತಡೆದುಕೊಂಡುಬಿಡುತ್ತದೆ. ಆದರೆ ನಾಯಿ ಹೊಟ್ಟೆ ಬಿಗಿಹಿಡಿದು, ಬಾಲ ಓರೆ ಮಾಡಿ ತಿಣುಕಲು ಹತ್ತಿದ ಗಳಿಗೆಯಿಂದ ಲೆಕ್ಕ ತಾಸಿನದಲ್ಲ, ನಿಮಿಷದ್ದು. ಎಡೆಬಿಡದೆ ಜೋರಾಗಿ ಅರ್ಧ ತಾಸು ತಿಣುಕಿಯೂ ಮರಿ ಹೊರಬರದಿದ್ದರೆ ಒಳಗೆ ಏನೋ ಅಡ್ಡಗಟ್ಟಿದೆ ಎಂದೇ ತಿಳಿಯಬೇಕು. ಬಿಟ್ಟು ಬಿಟ್ಟು ಸಣ್ಣಗೆ ತಿಣುಕುತ್ತಿದ್ದರೆ ಎರಡು ತಾಸಿನವರೆಗೆ ನೋಡಬಹುದು. ಒಂದು ಮರಿ ಹಾಕಿದ ಮೇಲೆ ತಾಯಿ ಆರಾಮವಾಗಿ ಮಲಗಿ ಮರಿ ನೆಕ್ಕುತ್ತಿದ್ದರೆ ಅದು ವಿಶ್ರಾಂತಿ. ಹಾಗಿದ್ದರೂ ಹೊಟ್ಟೆಯಲ್ಲಿ ಇನ್ನೂ ಮರಿಗಳಿದ್ದು ಎರಡು ತಾಸು ಕಳೆದರೆ ವೈದ್ಯರಿಗೆ ಫೋನ್ ಮಾಡಿ, ನಾಲ್ಕು ತಾಸಿನವರೆಗೆ ಕಾಯಬೇಡಿ.

ಇದರ ಜೊತೆಗೆ ಒಂದು ಬಣ್ಣವನ್ನೂ ನೆನಪಿನಲ್ಲಿಡಬೇಕು. ಮಾಸು ಗರ್ಭಕೋಶದಿಂದ ಬಿಡಿಸಿಕೊಂಡಾಗ ಅದರ ಅಂಚಿನಲ್ಲಿ ನಿಂತ ರಕ್ತವು ಕೆಟ್ಟು ಕಡುಹಸಿರು ಸ್ರಾವವಾಗಿ ಹೊರಬೀಳುತ್ತದೆ. ಒಂದು ಮರಿ ಹುಟ್ಟಿದ ಮೇಲೆ ಈ ಹಸಿರು ಕಂಡರೆ ಅದು ಹೆರಿಗೆಯ ಸಹಜ ಗುರುತು. ಒಂದು ಮರಿಯೂ ಹುಟ್ಟುವ ಮೊದಲೇ ಕಂಡರೆ ಒಳಗಿನ ಮರಿಯೊಂದಕ್ಕೆ ತಾಯಿಯಿಂದ ಬರುವ ಉಸಿರಿನ ದಾರಿ ಕಡಿದಿದೆ ಎಂದರ್ಥ, ಆಗ ಅರ್ಧ ತಾಸನ್ನೂ ಎಣಿಸದೆ ಹೊರಡಬೇಕು.

ಇನ್ನು ಇಂಜೆಕ್ಷನ್. ಎಮ್ಮೆಯ ಕೆಚ್ಚಲಿಗೆ ಹಾಲು ಇಳಿಸಲು ಹಲವರು ಬಳಸುವ ಆ ಮದ್ದು ಆಕ್ಸಿಟೋಸಿನ್. ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ, ಆದರೂ ಹೆಸರಿಲ್ಲದ ಬಾಟಲಿಗಳಲ್ಲಿ ಅದು ಹಳ್ಳಿ ಹಳ್ಳಿಗೆ ಬರುತ್ತದೆ, ಅದರಲ್ಲಿ ಮದ್ದಿನ ಪ್ರಮಾಣ ಎಷ್ಟಿದೆ ಎಂಬುದು ಹಾಕುವವನಿಗೂ ತಿಳಿದಿರುವುದಿಲ್ಲ. ಗರ್ಭಕೋಶವನ್ನು ಹಿಂಡಿಸುವುದು ಅದರ ಕೆಲಸ ನಿಜ. ಪಶುವೈದ್ಯರಾದ ನಾವೂ ನಾಯಿಗೆ ಕೊಡುತ್ತೇವೆ. ಆದರೆ ಕೊಡುವ ಮುನ್ನ ಬೆರಳಿನಿಂದ ಮುಟ್ಟಿ, ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್ ನೋಡಿ, ದಾರಿಯಲ್ಲಿ ಮರಿ ಸಿಕ್ಕಿಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತೇವೆ. ಕೊಟ್ಟರೂ ಅದು ಒಂದೆರಡು ಯೂನಿಟ್ ಅಥವಾ ಅದಕ್ಕೂ ಕಡಿಮೆ. ಎಮ್ಮೆಗೆಂದು ಅಂದಾಜಿನಲ್ಲಿ ಸಿರಿಂಜಿಗೆ ಎಳೆದದ್ದು ಇದರ ಎಷ್ಟೋ ಪಟ್ಟು ಆಗಿರುತ್ತದೆ. ಅಡ್ಡಗಟ್ಟಿದ ಮರಿಯ ಹಿಂದಿನಿಂದ ಗರ್ಭಕೋಶ ಹೀಗೆ ಒಮ್ಮೆಲೇ ಹಿಂಡಿದರೆ ಅದು ಹರಿಯಬಹುದು. ಹರಿಯದಿದ್ದರೂ ಸಾಲಿನಲ್ಲಿ ಹಿಂದೆ ಕಾಯುತ್ತಿರುವ ಮರಿಗಳ ಮಾಸು ಕಳಚಿ ಅವು ಒಳಗೇ ಉಸಿರುಗಟ್ಟುತ್ತವೆ. ನಿಮ್ಮ ದೊಡ್ಡ ಮರಿ ಇಂಜೆಕ್ಷನ್ನಿಗೆ ಮುಂಚೆಯೇ, ನಾಲ್ಕು ತಾಸಿನ ತಿಣುಕಿನಲ್ಲಿ ಸತ್ತಿರುವ ಸಂಭವವೇ ಹೆಚ್ಚು. ಕೊನೆಯ ಮರಿಯ ಬಗ್ಗೆ ಹಾಗೆ ಹೇಳಲಾರೆ. ತಾಯಿ ಉಳಿದದ್ದು ನಿಮ್ಮ ಪುಣ್ಯ. ಬ್ಯಾನಿ ಏರಲೆಂದು ಹಾಕುವ ಕ್ಯಾಲ್ಸಿಯಂ ಬಾಟಲಿಯ ವಿಷಯವೂ ಹೀಗೆಯೇ. ಕ್ಯಾಲ್ಸಿಯಂ ಕಡಿಮೆಯಾದ ಗರ್ಭಕೋಶ ಹಿಂಡುವುದಿಲ್ಲ ಎಂಬುದು ಸರಿಯಾದರೂ, ನರಕ್ಕೆ ಅವಸರದಲ್ಲಿ ಹೋದ ಕ್ಯಾಲ್ಸಿಯಂ ಹೃದಯವನ್ನೇ ನಿಲ್ಲಿಸಬಹುದು.

ತಪ್ಪು ನಿಮ್ಮೊಬ್ಬರದೇ ಎಂದು ಬರೆಯುವ ಅಧಿಕಾರ ನನಗಿಲ್ಲ. ಪಶುವೈದ್ಯಕೀಯ ಓದುತ್ತಿದ್ದ ಕಾಲದಲ್ಲಿ ರಜೆಗೆ ಊರಿಗೆ ಬಂದಾಗ ನಮ್ಮ ತೋಟದ ನಾಯಿ ರಾತ್ರಿ ಬ್ಯಾನಿ ತಿನ್ನತೊಡಗಿತು. ಅರ್ಧ ಓದಿದವನ ಧೈರ್ಯದಲ್ಲಿ ಅಪ್ಪನನ್ನು ಮಲಗಲು ಕಳಿಸಿ ನಾನೊಬ್ಬನೇ ಕಂದೀಲು ಹಿಡಿದು ಕುಳಿತೆ. ಕೈಯಲ್ಲಿ ಗಡಿಯಾರವಿರಲಿಲ್ಲ. ಆಗಷ್ಟೇ ತಿಣುಕಿತು, ಇನ್ನೊಂದು ಗಳಿಗೆ ನೋಡೋಣ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ತಿಣುಕಲು ಹತ್ತಿದಾಗ ತ್ರೀಫೇಸ್ ಕರೆಂಟ್ ಬಂದು ಬಾವಿಯ ಪಂಪು ತಾನಾಗಿ ಶುರುವಾಗಿದ್ದು ನೆನಪಿತ್ತು. ಪಂಪು ತಟ್ಟನೆ ನಿಂತು ಕಾಲುವೆಯ ನೀರಿನ ಸದ್ದು ಅಡಗಿದಾಗಲೇ ಕರೆಂಟಿನ ಪಾಳಿ ಮುಗಿಯಿತು, ಅಂದರೆ ನಾಲ್ಕು ತಾಸು ಕಳೆದವು ಎಂಬುದು ತಲೆಗೆ ಹೊಳೆದದ್ದು. ಮೂರು ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ನಾಯಿಯ ಪಕ್ಕದಲ್ಲಿ ಕುಳಿತವನಿಗೆ ಹೊತ್ತು ಹೋದದ್ದು ತಿಳಿಯುವುದೇ ಇಲ್ಲ. ಆದುದರಿಂದ ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಂಡು ತಿಣುಕು ಶುರುವಾದದ್ದು, ನೀರು ಒಡೆದದ್ದು, ಪ್ರತಿ ಮರಿ ಬಿದ್ದದ್ದು, ಪ್ರತಿ ಮಾಸು ಬಿದ್ದದ್ದು ಎಷ್ಟು ಗಂಟೆಗೆ ಎಂದು ಬರೆಯುತ್ತ ಹೋಗಿ. ಅದೇ ಹಾಳೆಯನ್ನು ನನ್ನ ಕೈಗೆ ಕೊಟ್ಟರೆ ನನ್ನ ಅರ್ಧ ಪರೀಕ್ಷೆ ಮುಗಿದಂತೆ.

ಫೋನ್ ಮಾಡಿ ಗಾಡಿ ಬರುವವರೆಗೆ ಮಾಡಬಹುದಾದ ಕೆಲಸಗಳೂ ಇವೆ. ಹುಟ್ಟಿದ ಮರಿಗಳನ್ನು ಮೊಲೆಗೆ ಹಚ್ಚಿ. ಅವು ಚೀಪುವಾಗ ತಾಯಿಯ ಮೈಯೇ ಆಕ್ಸಿಟೋಸಿನ್ ಬಿಡುತ್ತದೆ, ಬೇಕಾದಷ್ಟೇ ಬಿಡುತ್ತದೆ. ಹಗ್ಗ ಕಟ್ಟಿ ಅಂಗಳದಲ್ಲಿ ಐದು ಹತ್ತು ನಿಮಿಷ ನಡೆದಾಡಿಸಿ, ಆದರೆ ಬ್ಯಾಟರಿ ಹಿಡಿದು ಹಿಂದೆಯೇ ನಡೆಯಿರಿ, ಕತ್ತಲಲ್ಲಿ ಮರಿ ಬಿದ್ದದ್ದು ಕಾಣದೆ ಹೋದ ಸಂದರ್ಭಗಳಿವೆ. ಗ್ಲೂಕೋಸ್ ನೀರನ್ನು ಒಂದೆರಡು ಗುಟುಕು ನೆಕ್ಕಿಸಬಹುದು, ಸಿಸೇರಿಯನ್ ಆಗುವ ಸಾಧ್ಯತೆ ಇರುವುದರಿಂದ ರೊಟ್ಟಿ, ಹಾಲು ಬೇಡ. ಹುಟ್ಟಿದ ಮರಿಗಳನ್ನು ಮನೆಯಲ್ಲಿ ಬಿಟ್ಟು ಹೊರಡಬೇಡಿ. ರಟ್ಟಿನ ಪೆಟ್ಟಿಗೆಯಲ್ಲಿ ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಅದರ ಪಕ್ಕ ಮಲಗಿಸಿಕೊಂಡು ಹೋಗಿ. ಟಂಟಂನ ಕುಲುಕಾಟಕ್ಕೆ ದಾರಿಯಲ್ಲೇ ಮರಿ ಬಿದ್ದುದನ್ನು ನಾನು ಎರಡು ಸಲ ಕಂಡಿದ್ದೇನೆ, ಆದ್ದರಿಂದ ತಾಯಿಯ ಬಾಲದ ಕಡೆ ಕಣ್ಣಿಟ್ಟು ಒಬ್ಬರು ಕೂರಲೇಬೇಕು. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ವ್ಯವಸ್ಥೆ ಇದೆ. ಆದರೆ ನಡುರಾತ್ರಿಗೆ ಅದನ್ನೇ ನೆಚ್ಚದೆ, ರಾತ್ರಿ ಎದ್ದು ಬರುವ ವೈದ್ಯರು ಯಾರು, ಗಾಡಿ ಯಾರದು ಎಂಬುದನ್ನು ದಿನ ತುಂಬುವ ಮೊದಲೇ ಮಾತಾಡಿಟ್ಟಿರಿ. ಮುಂದಿನ ಸಲ ಕೂಡಿಸಿ 55 ದಿನ ದಾಟಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿ. ಮರಿಗಳ ಬೆನ್ನುಮೂಳೆ ಎಣಿಸಿದರೆ ಒಟ್ಟು ಎಷ್ಟು ಎಂಬುದು ತಿಳಿಯುತ್ತದೆ, ಐದಿರುವಾಗ ಎರಡಕ್ಕೇ ಮುಗಿಯಿತೋ ಏನೋ ಎಂಬ ಗೊಂದಲ ಇರುವುದಿಲ್ಲ. ಮುಧೋಳ ನಾಯಿಯ ಸಾಕಣೆಯ ಬಗ್ಗೆ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ವಿಚಾರಿಸುವುದು ನಿಮಗೆ ದೂರದ ಮಾತೂ ಅಲ್ಲ.

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿದ್ದೇವೆ. ನಮ್ಮ ಪಗ್ ನಾಯಿಗೆ ಇದು ಚೊಚ್ಚಲು. ಕೂಡಿಸಿ 64 ದಿನವಾಯಿತು. ಸ್ಕ್ಯಾನಿಂಗ್‌ನಲ್ಲಿ ಒಂದೇ ಮರಿ ಎಂದಿದ್ದಾರೆ. ಬ್ಯಾನಿಯ ಸುಳಿವೇ ಇಲ್ಲ. ಒಂದೇ ಮರಿಯಾದ್ದರಿಂದ ಹಗುರವಾಗಿ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ, ಬಹಳಷ್ಟು ಸಲ ತದ್ವಿರುದ್ಧವೇ ಆಗುತ್ತದೆ. ಬ್ಯಾನಿಯನ್ನು ಆರಂಭಿಸುವ ಸಂಕೇತ ಮರಿಗಳಿಂದಲೇ ಹೊರಡುತ್ತದೆ. ಒಂಟಿ ಮರಿಯ ಸಂಕೇತ ಕ್ಷೀಣವಾಗಿದ್ದು ಗರ್ಭಕೋಶ ಎಚ್ಚರಗೊಳ್ಳುವುದೇ ಇಲ್ಲ. ಇಡೀ ಜಾಗ, ಇಡೀ ಆಹಾರ ಒಂದಕ್ಕೇ ಸಿಕ್ಕಿ ಮರಿಯೂ ದೊಡ್ಡದಾಗುತ್ತದೆ. ಅದರ ಮೇಲೆ ನಿಮ್ಮದು ಪಗ್, ಅಂದರೆ ಮರಿಯ ತಲೆ ದುಂಡಗೆ ದಪ್ಪ, ತಾಯಿಯ ಸೊಂಟ ಇಕ್ಕಟ್ಟು. ಕೂಡಿಸಿದ ದಿನದಿಂದ ಎಣಿಸಿದರೆ 57ರಿಂದ 72 ದಿನಗಳವರೆಗೆ ಹೆಚ್ಚುಕಡಿಮೆಯಾಗುವುದರಿಂದ 64 ಎಂಬ ಅಂಕಿಯೊಂದೇ ನೋಡಿ ನಾನು ಹೌಹಾರುವುದಿಲ್ಲ. ದಿನಕ್ಕೆ ಎರಡು ಮೂರು ಸಲ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಬರೆದಿಡಿ. ಸಾಮಾನ್ಯವಾಗಿ 101 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರುವ ಮೈಬಿಸಿ 99ಕ್ಕಿಂತ ಕೆಳಗಿಳಿದರೆ ಹೆಚ್ಚಾಗಿ 24 ತಾಸಿನೊಳಗೆ ಹೆರಿಗೆ ಶುರುವಾಗಬೇಕು. ಇಳಿದು ಒಂದು ದಿನ ಕಳೆದರೂ ಬ್ಯಾನಿ ಬಾರದಿದ್ದರೆ ತಡಮಾಡದೆ ತೋರಿಸಿ. ಅಲ್ಲಿಯವರೆಗೆ ದಿನ ಬಿಟ್ಟು ದಿನ ಸ್ಕ್ಯಾನಿಂಗ್‌ನಲ್ಲಿ ಮರಿಯ ಎದೆಬಡಿತ ನೋಡಿಸಿ. ನಿಮಿಷಕ್ಕೆ 200ಕ್ಕಿಂತ ಮೇಲಿದ್ದರೆ ಮರಿ ಸುಖವಾಗಿದೆ. ಒಂದೇ ಸಮನೆ 180ಕ್ಕಿಂತ ಕೆಳಗೇ ಉಳಿದರೆ ಅದು ಸಂಕಟದಲ್ಲಿದೆ.

ನಿಮ್ಮ ಪತ್ರದ ಕೊನೆಯಲ್ಲಿ, ಆಪರೇಷನ್ ಮಾಡಿಸಿದರೆ ತಾಯಿ ಮರಿಯನ್ನು ಹತ್ತಿರ ಸೇರಿಸುವುದಿಲ್ಲವಂತೆ ಎಂದು ಬರೆದಿದ್ದೀರಿ. ಅರಿವಳಿಕೆಯ ಅಮಲು ಇಳಿಯುವವರೆಗೆ ಅದಕ್ಕೆ ತನ್ನ ಕಾಲೇ ತನ್ನದೆಂದು ತಿಳಿದಿರುವುದಿಲ್ಲ, ಮರಿ ಎಲ್ಲಿ ತಿಳಿದೀತು? ಎಚ್ಚರವಾಗುವವರೆಗೆ ಮರಿಯನ್ನು ಬೇರೆ ಇಟ್ಟು, ಆಮೇಲೆ ನೀವು ಪಕ್ಕದಲ್ಲೇ ಕುಳಿತು ಮೊಲೆಗೆ ಹಿಡಿದರೆ ಒಂದು ದಿನದಲ್ಲಿ ಹೊಂದಿಕೊಳ್ಳುತ್ತದೆ. ಪಗ್‌ನ ಒಂಟಿ ಮರಿಗೆ ದಿನ ಗೊತ್ತುಮಾಡಿ ಹಗಲಿನಲ್ಲಿ ಮಾಡುವ ಸಿಸೇರಿಯನ್, ರಾತ್ರಿಯೆಲ್ಲ ತಿಣುಕಿ ದಣಿದ ಮೇಲೆ ಮಾಡುವುದಕ್ಕಿಂತ ಎಷ್ಟೋ ವಾಸಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಮರಿಯ ಬಾಲ ಮತ್ತು ಹಿಂಗಾಲುಗಳು ಮೊದಲು ಹೊರಬಂದು ಅಲ್ಲಿಗೇ ನಿಂತವು. ಅಡ್ಡ ಬಂದಿದೆ, ಮುಟ್ಟಬೇಡಿ ಎಂದು ಹಿರಿಯರು ಅಂದರು. ಹತ್ತು ನಿಮಿಷದ ಮೇಲೆ ತಾನೇ ಬಿತ್ತು, ಬದುಕಲಿಲ್ಲ. ಎಳೆಯಬಹುದಿತ್ತೇ? (ವಿಜಯಪುರ)

ಉತ್ತರ: ಎಳೆಯಬಹುದಿತ್ತು, ಎಳೆಯಬೇಕಿತ್ತು. ಹಿಂಗಾಲು ಮುಂದಾಗಿ ಬರುವುದು ನಾಯಿಯಲ್ಲಿ ಅಡ್ಡ ಬಂದಂತಲ್ಲ. ಹತ್ತರಲ್ಲಿ ಸುಮಾರು ನಾಲ್ಕು ಮರಿಗಳು ಹಾಗೆಯೇ ಹುಟ್ಟುತ್ತವೆ. ನಿಜವಾದ ತೊಡಕು ಕಾಲುಗಳು ಹೊಟ್ಟೆಯ ಕಡೆ ಮಡಚಿಕೊಂಡು ಬರೀ ಬಾಲ ಮತ್ತು ಕುಂಡಿ ಕಂಡಾಗ, ಅಥವಾ ಕತ್ತು ತಿರುಚಿಕೊಂಡು ತಲೆ ಸಿಗದಿದ್ದಾಗ. ಅಂಥದ್ದರಲ್ಲಿ ಕೈಹಾಕದೆ ವೈದ್ಯರ ಬಳಿಗೆ ಹೋಗಬೇಕು. ಆದರೆ ಅರ್ಧ ಹೊರಬಂದು ನಿಂತ ಮರಿಯ ಹೊಕ್ಕುಳಬಳ್ಳಿ ಸೊಂಟದ ಎಲುಬಿನ ನಡುವೆ ಸಿಕ್ಕಿ ಅಪ್ಪಚ್ಚಿಯಾಗಿರುತ್ತದೆ. ಆ ಮರಿಗೆ ತಾಯಿಯ ರಕ್ತವೂ ಇಲ್ಲ, ಹೊರಗಿನ ಗಾಳಿಯೂ ಇಲ್ಲ. ಹೀಗಾಗಿ ಅಲ್ಲಿ ಹತ್ತು ನಿಮಿಷವೆಂಬುದು ಬಹಳ ದೀರ್ಘ.

ಉಗುರು ಕತ್ತರಿಸಿ ಸಾಬೂನಿನಿಂದ ಕೈ ತೊಳೆದು ಗ್ಲೌಸ್ ಹಾಕಿಕೊಳ್ಳಿ. ಔಷಧಿ ಅಂಗಡಿಯಲ್ಲಿ ಸಿಗುವ ಜಾರುವ ಜೆಲ್ ಅನ್ನು ಮರಿಯ ಸುತ್ತ ಧಾರಾಳವಾಗಿ ಸವರಿ. ಮರಿ ಮೀನಿನ ಹಾಗೆ ಜಾರುವುದರಿಂದ ಹಿಡಿಯುವ ಕೈಯಲ್ಲಿ ಮಾತ್ರ ಒಣ ಟವೆಲ್ ತುಂಡು ಇರಲಿ. ಒಂದು ಕಾಲನ್ನೋ ಬಾಲವನ್ನೋ ಹಿಡಿಯದೆ ಎರಡೂ ಹಿಂಗಾಲುಗಳ ಮೇಲ್ಭಾಗ, ಸೊಂಟ ಸೇರಿಸಿ ಹಿಡಿಯಿರಿ. ತಾಯಿ ತಿಣುಕಿದಾಗ ಎಳೆದು, ತಿಣುಕು ನಿಂತಾಗ ಎಳೆಯದೆ, ಆದರೆ ಹಿಡಿತ ಬಿಡದೆ ಇರಿ. ನೇರ ಹಿಂದಕ್ಕೆ ಎಳೆಯಬಾರದು. ನಿಂತ ನಾಯಿಯಾದರೆ ಅದರ ಹಿಂಗಾಲಿನ ಕಡೆಗೆ, ಕೆಳಮುಖವಾಗಿ, ಕಮಾನಿನ ದಾರಿಯಲ್ಲಿ ಎಳೆಯಬೇಕು, ಏಕೆಂದರೆ ಹುಟ್ಟುವ ದಾರಿ ಸೊಂಟದ ಮೇಲಿಂದ ಹಾದು ಕೆಳಗೆ ಬಾಗುತ್ತದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಗುರಾಗಿ ಓರೆ ಮಾಡಿದರೆ ಭುಜ ಬಿಡಿಸಿಕೊಳ್ಳುತ್ತದೆ. ನಾಲ್ಕೈದು ತಿಣುಕಿಗೂ ಜರುಗದಿದ್ದರೆ ಬಲ ಹೆಚ್ಚಿಸಬೇಡಿ, ಹೊರಡಿ.

ಪ್ರಶ್ನೆ: ಹುಟ್ಟಿದ ಮರಿ ಉಸಿರಾಡದಿದ್ದರೆ ಹಿಂಗಾಲು ಹಿಡಿದು ತಲೆಕೆಳಗಾಗಿ ಬೀಸಬೇಕೆಂದು ಜಮಖಂಡಿಯ ನಮ್ಮ ಕಡೆ ಹೇಳುತ್ತಾರೆ. ಸರಿಯೇ?

ಉತ್ತರ: ಹಿಂದೆ ವೈದ್ಯರೂ ಹಾಗೆ ಮಾಡುತ್ತಿದ್ದರು, ಈಗ ಬಿಟ್ಟಿದ್ದೇವೆ. ಬೀಸಿದಾಗ ಮರಿಯ ಮಿದುಳಿಗೆ ಪೆಟ್ಟಾಗಿ ರಕ್ತ ಸೋರುವ ಅಪಾಯವಿದೆ. ಕೈ ಜಾರಿ ಗೋಡೆಗೆ ಬಡಿದದ್ದೂ ಉಂಟು. ಬದಲಿಗೆ ಮರಿಯನ್ನು ಸುತ್ತಿದ ಪೊರೆಯ ಚೀಲವನ್ನು ಮೂಗಿನ ಕಡೆಯಿಂದ ಹರಿದು, ತಲೆ ತುಸು ತಗ್ಗಿಸಿ ಹಿಡಿದು, ಬಾಯಿ ಮತ್ತು ಮೂಗಿನ ಲೋಳೆಯನ್ನು ಬಟ್ಟೆಯಿಂದ ಒರೆಸಿ ಅಥವಾ ಮಕ್ಕಳ ಮೂಗಿಗೆ ಬಳಸುವ ರಬ್ಬರ್ ಬಲ್ಬಿನಿಂದ ಹೀರಿ. ಆಮೇಲೆ ಒಣ ಟವೆಲಿನಿಂದ ಬೆನ್ನು, ಪಕ್ಕೆಗಳನ್ನು ಚುರುಕಾಗಿ ತಿಕ್ಕಿ. ಎದೆಬಡಿತ ಬೆರಳಿಗೆ ಸಿಗುತ್ತಿರುವವರೆಗೆ 20 ನಿಮಿಷವಾದರೂ ಬಿಡಬೇಡಿ. ನೀಲಿಗಟ್ಟಿದ ನಾಲಿಗೆ ಹದಿನೈದನೆಯ ನಿಮಿಷಕ್ಕೆ ಗುಲಾಬಿಯಾಗಿ ಮರಿ ಸಣ್ಣಗೆ ಕಿಂಯ್ ಎಂದದ್ದನ್ನು ನನ್ನ ಅಂಗೈಯಲ್ಲೇ ಕೇಳಿದ್ದೇನೆ. ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಒಂದು ಇಂಚು ಬಿಟ್ಟು ದಾರದಿಂದ ಕಟ್ಟಿ, ಅದರಾಚೆ ಕತ್ತರಿಸಿ, ತುದಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ. ಅರಿಷಿಣ, ಬೂದಿ ಬೇಡ.

ತಣ್ಣಗಾದ ಮರಿಗೆ ಹಾಲು ಹಾಕಬಾರದು, ಮೊದಲು ಕಾಯಿಸಬೇಕು. ತಣ್ಣನೆಯ ಹೊಟ್ಟೆಯಲ್ಲಿ ಹಾಲು ಜೀರ್ಣವಾಗುವುದಿಲ್ಲ. ಮರಿಗಳಿರುವ ಜಾಗ ಮೊದಲ ವಾರ 85ರಿಂದ 90 ಡಿಗ್ರಿ ಬೆಚ್ಚಗಿರಲಿ. ಇನ್ನೊಂದು ಮಾತು, ನಮ್ಮಲ್ಲಿ ಎಲ್ಲರೂ ಹಳೆಯ ಕೌದಿ ಹಾಸುತ್ತಾರೆ. ಬೆಚ್ಚಗಿರುತ್ತದೆ, ಒಪ್ಪುತ್ತೇನೆ. ಆದರೆ ಸವೆದ ಕೌದಿಯ ಬಿಚ್ಚಿದ ಹೊಲಿಗೆಯ ದಾರ ಮರಿಯ ಕಾಲಿಗೆ ಸುತ್ತಿಕೊಂಡು ರಾತ್ರಿ ಬೆಳಗಾಗುವುದರಲ್ಲಿ ಪಾದ ಬಾತು ಕಪ್ಪಾದ ಒಂದು ಮರಿಯನ್ನು ನನ್ನ ಬಳಿಗೆ ತಂದಿದ್ದರು. ಹಾಸುವ ಮೊದಲು ಸಡಿಲ ದಾರವನ್ನೆಲ್ಲ ಕತ್ತರಿಸಿ ತೆಗೆಯಿರಿ, ಇಲ್ಲವೇ ಹಳೆಯ ಧೋತರ ಹಾಸಿ.

ಪ್ರಶ್ನೆ: ನಾಯಿ ಬಹಳ ಬಳಲಿ ಆರು ಮರಿ ಹಾಕಿದೆ. ಶಕ್ತಿ ಬರಲೆಂದು ಮನೆಯ ಬಾಣಂತಿಗೆ ಮಾಡಿದ ಅಂಟಿನ ಉಂಡಿಯನ್ನೇ ಕೊಡಬಹುದೇ? ಕಪ್ಪು ಹಸಿರು ಸ್ರಾವ ಇನ್ನೂ ನಿಂತಿಲ್ಲ, ಮೂರನೆಯ ದಿನ. (ತಿಕೋಟಾ)

ಉತ್ತರ: ಉಂಡಿ ಕೊಡಬೇಡಿ. ಅದರಲ್ಲಿ ಒಣದ್ರಾಕ್ಷಿ ಇರುತ್ತದೆ, ದ್ರಾಕ್ಷಿ ಬೆಳೆಯುವ ನಿಮ್ಮ ಊರಿನಲ್ಲಂತೂ ಕೈಬಿಚ್ಚಿ ಹಾಕಿರುತ್ತಾರೆ. ದ್ರಾಕ್ಷಿ ಹಸಿಯಾಗಲಿ ಒಣಗಲಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬೇರೆಯಾಗುವುದರಿಂದ ಒಂದು ಉಂಡಿ ತಿಂದಿದ್ದರೂ ವಾಂತಿಯಾಗುವವರೆಗೆ ಕಾಯದೆ ವೈದ್ಯರಿಗೆ ತಿಳಿಸಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಸಾರೂ ಬೇಡ. ಬೇಯಿಸಿದ ತತ್ತಿ, ಕೋಳಿ, ಅನ್ನ, ಮರಿನಾಯಿಗಳ ಆಹಾರ, ದಿನಕ್ಕೆ ನಾಲ್ಕು ಸಲ, ಪಕ್ಕದಲ್ಲಿ ಸದಾ ನೀರು, ಇಷ್ಟು ಸಾಕು.

ಸ್ರಾವ ಮೂರು ದಿನಕ್ಕೆ ನಿಲ್ಲುವುದಿಲ್ಲ. ಹಸಿರು ಹೋಗಿ ಕಂದುಗೆಂಪಾಗಿ, ದಿನೇ ದಿನೇ ಕಡಿಮೆಯಾಗುತ್ತ ಮೂರು ವಾರದವರೆಗೂ ಇರಬಹುದು. ಅದು ನಾರತೊಡಗಿದರೆ, ಜ್ವರ 103 ದಾಟಿದರೆ, ತಾಯಿ ಊಟ ಬಿಟ್ಟು ಮರಿಗಳ ಹತ್ತಿರ ಮಲಗದಿದ್ದರೆ ಮಾಸಿನ ತುಂಡೋ ಸತ್ತ ಮರಿಯೋ ಒಳಗೆ ಉಳಿದಿರಬಹುದು. ಹಾಗೆಯೇ ಎರಡು ಮೂರನೆಯ ವಾರದಲ್ಲಿ, ಮರಿಗಳು ಹಾಲನ್ನು ಜಗ್ಗಿ ಕುಡಿಯುವ ಹೊತ್ತಿನಲ್ಲಿ, ತಾಯಿ ಕಾಲು ಸೆಟೆದು ನಡೆಯುವುದು, ಮೈ ನಡುಗುವುದು, ಸುಮ್ಮನೆ ಏದುಸಿರು ಬಿಡುವುದು ಕಂಡರೆ ಅದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದ ಲಕ್ಷಣ. ತಕ್ಷಣ ಮರಿಗಳನ್ನು ಮೊಲೆಯಿಂದ ಬಿಡಿಸಿ, ತಾಯಿಯನ್ನು ಅದೇ ತಾಸಿನಲ್ಲಿ ದವಾಖಾನೆಗೆ ತಲುಪಿಸಿ.